ಒಂಬತ್ತನೇ ಅಧ್ಯಾಯದ ಅಕ್ಕ

ಜನವರಿ ೧೨

ಕಡ್ಡಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ನನ್ನದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಎರಡು ದಿನ ಮೇಜಿನ ಮೇಲೆ ಇಟ್ಟಿರುತ್ತೀಯ ಎಂಬುದು ನನಗೂ ಗೊತ್ತು. ಅಪ್ಪ ತೀರಿಕೊಂಡ ದಿನ ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ ಮೇಲೆ ಆರು ವರ್ಷ ನಾವು ಮಾತಾಡಿಲ್ಲ. ಅಷ್ಟೂ ವರ್ಷದ ಸುದ್ದಿ ಬರೆಯಲು ಕೂತರೆ ಮುಗಿಯುವ ಮಾತಲ್ಲ. ಒಂದನ್ನು ಮಾತ್ರ ಬರೆಯುತ್ತೇನೆ. ನಾನು ಮಕ್ಕಳಿಗಾಗಿ ಒಂದು ಕಾದಂಬರಿ ಬರೆದಿದ್ದೇನೆ.

ನಗಬೇಡ. ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ಕು ತಿದ್ದಿದ ಟೀಚರಿಗೆ ಸ್ವಂತದ್ದೊಂದು ಪುಸ್ತಕ ಬರೆಯುವ ಹಕ್ಕಿದೆ. ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಎಂಟು ವರ್ಷದ ಒಬ್ಬ ಹುಡುಗಿ ಇದ್ದಾಳೆ. ಅವಳ ಗೋಡೆಯೊಳಗೆ ಮಂತ್ರದ ಇಲಿಗಳಿವೆ. ಅವು ಕಾಳು ಮುಟ್ಟುವುದಿಲ್ಲ, ಸದ್ದು ತಿನ್ನುತ್ತವೆ. ಬಾಗಿಲಿನ ಕಿರ್ರೆನ್ನುವ ಸದ್ದು ಅವಕ್ಕೆ ಕುರುಕಲು ತಿಂಡಿ, ಬೀಸುವ ಕಲ್ಲಿನ ಗಡಗಡ ಹೊಟ್ಟೆ ತುಂಬ ಊಟ, ಹೆಂಗಸರ ಪಿಸುಮಾತು ಊಟದ ಮೇಲಿನ ಸಿಹಿ. ಮಧ್ಯಾಹ್ನ ಗಿರಣಿ ನಿಲ್ಲುವುದು ಯಾಕೆಂದರೆ ಅಷ್ಟು ಹೊತ್ತಿಗೆ ಅವು ಎಲ್ಲವನ್ನೂ ತಿಂದು ಮುಗಿಸಿರುತ್ತವೆ. ಅರ್ಧಬಾಲ, ಎಣ್ಣೆಮೂಗು, ಗುಸುಗುಸು ಅಜ್ಜಿ, ಈ ಹೆಸರುಗಳನ್ನು ಇಟ್ಟವರು ಯಾರೆಂದು ನಿನಗೆ ನಾನು ಹೇಳಬೇಕಿಲ್ಲ.

ಹಸ್ತಪ್ರತಿ ಇದರ ಜೊತೆಗಿದೆ. ಪ್ರಕಾಶಕಿ ಅಚ್ಚಿಗೆ ಅವಸರ ಮಾಡುತ್ತಿದ್ದಾರೆ. ತಂಗಿ ಒಪ್ಪದೆ ಕೊಡುವುದಿಲ್ಲ ಎಂದು ಹೇಳಿದ್ದೇನೆ.

'ತಂಗಿ ಏನ್ ಮಾಡ್ತಾರೆ?' ಎಂದು ಕೇಳಿದರು.

'ಧಾನ್ಯದ ಗೋದಾಮಿನಲ್ಲಿ ಅಧಿಕಾರಿ. ಇಲಿ ಕೊಲ್ಲಿಸೋದು ಅವಳ ಕೆಲಸ' ಎಂದೆ.



ನಿನ್ನ ಅಕ್ಕ

ಫೆಬ್ರವರಿ ೩

ಅಕ್ಕನಿಗೆ,

ಎರಡಲ್ಲ, ಐದು ದಿನ ಇಟ್ಟಿದ್ದೆ. ಆರನೇ ದಿನ ಗೋದಾಮಿಗೆ ಹುಳದ ಮದ್ದು ಹಾಕಿಸಿದ್ದರಿಂದ ಎಲ್ಲರೂ ಹೊರಗೆ ಕೂರಬೇಕಾಯಿತು. ಮೂಟೆ ತೂಗುವ ಕಟ್ಟೆಯ ಮೇಲೆ ಕೂತು ಒಂದೇ ಉಸಿರಿಗೆ ಓದಿ ಮುಗಿಸಿದೆ.

ಮೊದಲು ಕೆಲಸದ ಮಾತು. ನಿನ್ನ ಪುಸ್ತಕದಲ್ಲಿ ಇಲಿಗಳ ಬಗ್ಗೆ ಮೂವತ್ತೊಂದು ತಪ್ಪುಗಳಿವೆ. ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಇಲಿರಾಜನಿಗೆ ಸೊಂಡಿಲಿಯನ್ನು ಮಂತ್ರಿ ಮಾಡಿದ್ದೀಯ. ಸೊಂಡಿಲಿ ಇಲಿಯ ಜಾತಿಯೇ ಅಲ್ಲ, ಹುಳ ತಿಂದು ಬದುಕುವ ಬೇರೆ ಪ್ರಾಣಿ. ಬೆಕ್ಕನ್ನು ನಾಯಿಗಳ ಸಂಘಕ್ಕೆ ಕಾರ್ಯದರ್ಶಿ ಮಾಡಿದಂತಾಯಿತು. ಇಲಿ ಕೋಣೆಯ ನಟ್ಟನಡುವೆ ನಡೆದು ಬರುವುದಿಲ್ಲ. ಅದರ ಕಣ್ಣು ಮಂದ, ಗೋಡೆಗೆ ಮೀಸೆ ತಾಗಿಸಿಕೊಂಡೇ ಓಡುತ್ತದೆ. ಅದರ ಹಲ್ಲು ಸಾಯುವ ತನಕ ಬೆಳೆಯುತ್ತದೆ, ಆದ್ದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಇಲಿಗಳು ಒಂದಕ್ಕೊಂದು ಹಾಡು ಹೇಳುತ್ತವೆ, ಮನುಷ್ಯರ ಕಿವಿಗೆ ಸಿಗದಷ್ಟು ಸಣ್ಣ ದನಿಯಲ್ಲಿ. ಇಷ್ಟು ಮಂತ್ರ ಕೈಯಲ್ಲೇ ಇರುವಾಗ ನೀನು ಚಿನ್ನದ ಕಿರೀಟ, ಹಾರುವ ಚೀಲ ಎಂದು ಯಾಕೆ ಒದ್ದಾಡಿದ್ದೀಯೋ ತಿಳಿಯದು.

ಎಲ್ಲಕ್ಕಿಂತ ದೊಡ್ಡ ತಪ್ಪು ಕೊನೆಯಲ್ಲಿದೆ. ತಿಂದ ಸದ್ದನ್ನೆಲ್ಲ ಇಲಿಗಳು ಸಾಲಾಗಿ ನಿಂತು ಕಕ್ಕಿ, ಅಪ್ಪನ ಕಿವಿಗೆ ವಾಪಸು ತುಂಬುತ್ತವೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ ಅಕ್ಕಾ. ನಮ್ಮ ವಿಷ ಅದಕ್ಕೆ ನಾಟುವುದೇ ಅದರಿಂದ. ಒಳಗೆ ಹೋದದ್ದು ಹೋಯಿತು.

ಇನ್ನು ಒಂಬತ್ತನೇ ಅಧ್ಯಾಯ. ಅಪ್ಪನ ಕಿವಿಯ ಸದ್ದನ್ನು ಇಲಿಗಳು ತಿಂದಿವೆ ಎಂದು ಹುಡುಗಿ ಅಕ್ಕನಿಗೆ ಗುಟ್ಟಾಗಿ ಹೇಳುತ್ತಾಳೆ. ಅಕ್ಕ ಅವಳ ಕೈ ಹಿಡಿದು 'ನಾನು ಯಾರಿಗೂ ಹೇಳಲ್ಲ' ಎನ್ನುತ್ತಾಳೆ, ಪುಸ್ತಕ ಮುಗಿಯುವ ತನಕ ಹೇಳುವುದೂ ಇಲ್ಲ. ಬಹಳ ಒಳ್ಳೆಯ ಅಕ್ಕ. ನನಗೆ ಅಂಥವಳು ಇರಲಿಲ್ಲ.

ನನ್ನ ಉತ್ತರ, ಬೇಡ. ಅಚ್ಚು ಹಾಕಿಸಬೇಡ.

ಕಡ್ಡಿ
(ಈಗ ಎಪ್ಪತ್ತೆರಡು ಕಿಲೋ)

ಫೆಬ್ರವರಿ ೧೪

ಕಡ್ಡಿಗೆ,

ಸೊಂಡಿಲಿಯನ್ನು ಕೆಲಸದಿಂದ ತೆಗೆದೆ. ಇಲಿಗಳ ಹಾಡು ನಾಲ್ಕನೇ ಅಧ್ಯಾಯಕ್ಕೆ ಹೋಯಿತು, ಬಹಳ ಚೆನ್ನಾಗಿ ಕೂತಿತು. ನಿನ್ನ ಮೂವತ್ತೊಂದರಲ್ಲಿ ಇಪ್ಪತ್ತೆಂಟನ್ನು ಒಪ್ಪಿದ್ದೇನೆ. ಉಳಿದ ಮೂರಕ್ಕೆ, ಮಂತ್ರದ ಇಲಿಗಳೆಂದು ಸ್ವಲ್ಪ ವಿನಾಯಿತಿ ಕೊಡು.

ಒಂಬತ್ತನೇ ಅಧ್ಯಾಯ ಮಾತ್ರ ಹಾಗೇ ಇರುತ್ತದೆ. ಇದು ಮಕ್ಕಳ ಪುಸ್ತಕ. ಕಥೆಯಲ್ಲಾದರೂ ಒಬ್ಬ ಒಳ್ಳೆಯ ಅಕ್ಕ ಇರಲಿ ಬಿಡು. ಹನ್ನೊಂದು ವರ್ಷದ ಹುಡುಗಿ ಬಾಯಿ ಜಾರಿ ಆಡಿದ ಒಂದು ತಮಾಷೆಯನ್ನು ನಲವತ್ತೆರಡು ವರ್ಷ ಹೊತ್ತುಕೊಂಡು ತಿರುಗಿದ್ದೀಯಲ್ಲ, ಸಾಕಾಗಿಲ್ಲವೆ?

ಅಕ್ಕ

ಮಾರ್ಚ್ ೯

ಅಕ್ಕನಿಗೆ,

ತಮಾಷೆ ಎಂದು ಬರೆದಿದ್ದೀಯ. ಮೂರು ವಾರದಿಂದ ಆ ಪದವನ್ನೇ ನೋಡುತ್ತಿದ್ದೇನೆ. ನಿನಗೆ ಮರೆತಿರಬಹುದು, ನಾನೇ ಬರೆಯುತ್ತೇನೆ.

ಮಧ್ಯಾಹ್ನ ಗಿರಣಿ ನಿಂತಿತ್ತು. ಅಪ್ಪ ಮತ್ತು ಕಾಳು ಸುರಿಯುವ ಇಬ್ಬರು ಆಳುಗಳು ಬಾಗಿಲ ನೆರಳಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಗಿರಣಿಯ ಯಜಮಾನರು ಮೋಟಾರು ನೋಡಲು ಬಂದವರು ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಹಿಂದಿನಿಂದ ಬಂದು 'ಅಪ್ಪಾ, ಅಪ್ಪಾ' ಎಂದು ಕರೆದೆ. ಅಪ್ಪ ತಿರುಗಲಿಲ್ಲ. ಆಗ ನೀನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

'ಎಷ್ಟ್ ಕರೆದ್ರೂ ಅಪ್ಪಂಗೆ ಕೇಳಲ್ಲ ಕಣೇ. ಅವರ ಕಿವಿಲಿದ್ದ ಸದ್ದನ್ನೆಲ್ಲ ಇಲಿ ತಿಂದ್ಬಿಟ್ಟಿದೆ ಅಂತ ನೀನೇ ಹೇಳಿದ್ಯಲ್ಲ.'

ಆಳುಗಳು ನಕ್ಕರು. ಎಲ್ಲರೂ ನಗುವುದು ನೋಡಿ ಅಪ್ಪನೂ ನಕ್ಕರು, ಯಾಕೆಂದು ಗೊತ್ತಿಲ್ಲದೆ. ಯಜಮಾನರು ಮಾತ್ರ ನಗಲಿಲ್ಲ. ಎದ್ದು ಅಪ್ಪನ ಬೆನ್ನ ಹಿಂದೆ ಬಂದು ನಿಂತು, ಸಾಕಷ್ಟು ಗಟ್ಟಿಯಾಗಿಯೇ ಕೇಳಿದರು.

'ಎಷ್ಟು ದಿನದಿಂದ ನಿಮಗೆ ಹೀಗೆ?'

ಅಪ್ಪ ಚಹಾ ಊದಿಕೊಳ್ಳುತ್ತಿದ್ದರು. ಯಜಮಾನರು ಇನ್ನೊಂದು ಸಲ ಕೇಳಿದರು. ಅಪ್ಪ ಒಂದು ಗುಟುಕು ಕುಡಿದರು.

ಹದಿನಾಲ್ಕು ವರ್ಷ ಆ ಗಿರಣಿ ಓಡಿಸಿದವರು ಮರುದಿನದಿಂದ ಬಾಗಿಲಲ್ಲಿ ಗೋಣಿ ಹಾಸಿಕೊಂಡು, ದಬ್ಬಣ ಹಿಡಿದು, ಹರಿದ ಚೀಲ ಹೊಲಿಯುತ್ತ ಕೂತರು. ಹದಿನೆಂಟು ವರ್ಷ ಕೂತರು. ಹಿಟ್ಟು ಬೀಸಿಸಲು ಬಂದವರು ಅವರನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು. ಅಂದಿನಿಂದ ಇಲಿಗಳ ಒಂದು ಸುದ್ದಿಯನ್ನೂ ನಿನಗೆ ನಾನು ಹೇಳಲಿಲ್ಲ, ನೀನೂ ಕೇಳಲಿಲ್ಲ.

ಅಪ್ಪ ಹೋದ ದಿನ, ಬಂದವರ ನಡುವೆ ಕೂತು ಅದೇ ಕಥೆಯನ್ನು ಹೇಳಿ ನಗಿಸಿದೆ. ನಾನು ಚಪ್ಪಲಿ ಮೆಟ್ಟಿದ್ದು ಅದಕ್ಕೆ.

ಕಡ್ಡಿ

ಮಾರ್ಚ್ ೨೦

ಕಡ್ಡಿಗೆ,

ನೀನು ಬರೆದದ್ದೆಲ್ಲ ಸರಿ. ತಪ್ಪು ಬರೆದವಳು ನಾನು. ಅವತ್ತು ನನ್ನ ಬಾಯಿ ಜಾರಲಿಲ್ಲ.

ಅದಕ್ಕೆ ನಾಲ್ಕು ದಿನ ಮುಂಚೆ ಅಮ್ಮ ಅಪ್ಪನ ಊಟದ ಡಬ್ಬಿ ಕೊಟ್ಟು ನನ್ನನ್ನು ಗಿರಣಿಗೆ ಕಳಿಸಿದ್ದರು. ನಾನು ಬಾಗಿಲಿಗೆ ಬರುವ ಹೊತ್ತಿಗೆ ಕಾಳು ಸುರಿಯುವ ಆಳಿನ ಅಂಗಿಯ ತೋಳು ಮೋಟಾರಿನ ಬೆಲ್ಟಿಗೆ ಸಿಕ್ಕಿತ್ತು. 'ನಿಲ್ಸಿ ಅಣ್ಣಾ, ನಿಲ್ಸಿ' ಎಂದು ಅವನು ಕೂಗುತ್ತಿದ್ದ. ಅಪ್ಪ ಎರಡೇ ಮಾರು ದೂರದಲ್ಲಿ ಬೆನ್ನು ತಿರುಗಿಸಿಕೊಂಡು, ಹಿಟ್ಟು ಎಷ್ಟು ನುಣ್ಣಗಿದೆ ಎಂದು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. ನಾನು ಡಬ್ಬಿ ಬಿಸಾಕಿ ಓಡಿಹೋಗಿ ಅಪ್ಪನ ಅಂಗಿ ಜಗ್ಗಿದೆ. ತಿರುಗಿದವರೇ ಮೋಟಾರು ಆರಿಸಿದರು. ಅಂಗಿಯ ತೋಳು ಹರಿದಿತ್ತು, ಆಳಿನ ಕೈ ಉಳಿದಿತ್ತು. ಅಪ್ಪ ಅವನನ್ನು ಕೂರಿಸಿ ನೀರು ಕುಡಿಸಿದರು. ಆಮೇಲೆ ನನ್ನ ಹತ್ತಿರ ಬಂದು 'ಮನೇಲಿ ಹೇಳ್ಬೇಡ' ಎಂದರು. ಅವರ ತುಟಿಯ ಮೇಲೆಲ್ಲ ಹಿಟ್ಟು ಕೂತಿತ್ತು.

ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ನಾಳೆ ಅಪ್ಪನ ಕೈಯೇ ಸಿಕ್ಕಿಕೊಂಡರೆ? ಹೇಳಬೇಡ ಎಂದಿದ್ದಾರೆ, ಹೇಳದಿದ್ದರೆ ಏನಾದೀತು? ನನಗೆ ಕಂಡ ದಾರಿ ಒಂದೇ, ನಿನ್ನ ಕಥೆ. ತಮಾಷೆ ಮಾಡಿದರೆ ಹೇಳಿದಂತೆಯೂ ಆಗುತ್ತದೆ, ಹೇಳದಂತೆಯೂ ಆಗುತ್ತದೆ ಎಂದುಕೊಂಡೆ. ಯಜಮಾನರು ಬರುವ ದಿನಕ್ಕೆ ಕಾದೆ. ಅವರು ಎಲ್ಲಿ ಕೂತಿದ್ದಾರೆಂದು ನೋಡಿಕೊಂಡು, ಅವರಿಗೆ ತಲುಪುವಷ್ಟು ಗಟ್ಟಿಯಾಗಿ ಹೇಳಿದೆ.

ಅದು ತಮಾಷೆ ಎಂದು ಎಷ್ಟು ಸಲ ಹೇಳಿದರೆ ನಿಜಕ್ಕೂ ತಮಾಷೆಯಾಗುತ್ತದೋ ಎಂದು ಆಮೇಲೆ ಹೇಳುತ್ತಲೇ ಬಂದೆ. ಅಪ್ಪ ಹೋದ ದಿನವೂ ಹೇಳಿದೆ. ಪುಸ್ತಕದ ಅಕ್ಕ ಬಾಯಿ ಮುಚ್ಚಿಕೊಂಡಿರುವುದು ಯಾಕೆಂದು ಈಗ ನಿನಗೆ ಗೊತ್ತಾಗಿರಬೇಕು. ಅವಳ ಅಪ್ಪನ ಗಿರಣಿಯಲ್ಲಿ ಬೆಲ್ಟೇ ಇಲ್ಲ. ಬೇಕಾದರೆ ಹುಡುಕಿ ನೋಡು.

ಪುಸ್ತಕ ಅಚ್ಚಾಗದಿದ್ದರೂ ಅಡ್ಡಿಯಿಲ್ಲ. ಇದನ್ನು ನಿನಗೆ ಬರೆದದ್ದಾಯಿತು.

ಅಕ್ಕ

ಮೇ ೧೮

ಅಕ್ಕನಿಗೆ,

ಎರಡು ತಿಂಗಳು ಬರೆಯಲಿಲ್ಲ. ಮುನಿಸಿಕೊಂಡಳು ಎಂದುಕೊಂಡಿರುತ್ತೀಯ. ಅಲ್ಲ, ಕೈಯಲ್ಲಿ ಒಂದು ಕೆಲಸವಿತ್ತು.

ನನ್ನ ಕೈಕೆಳಗೆ ಮದ್ದು ಹಾಕುವ ಮೇಸ್ತ್ರಿ ಒಬ್ಬರಿದ್ದಾರೆ. ಮೂಟೆಗಳ ರಾಶಿಗೆ ದೊಡ್ಡ ಹೊದಿಕೆ ಮುಚ್ಚಿ, ಒಳಗೆ ವಿಷದ ಗುಳಿಗೆ ಇಟ್ಟು, ಅಂಚನ್ನು ಮರಳಿನ ಚೀಲದಿಂದ ಬಿಗಿ ಮಾಡುವ ಕೆಲಸ. ಗುಳಿಗೆಯಿಂದ ಹೊರಡುವ ಗಾಳಿ ಕೊಳೆತ ಬೆಳ್ಳುಳ್ಳಿಯಂತೆ ನಾರುತ್ತದೆ. ಅಳೆಯುವ ಯಂತ್ರ ಕೊಟ್ಟಿದ್ದಾರೆ, ಆದರೂ ಎಷ್ಟೋ ಸಲ ಯಂತ್ರ ಕೈಗೆತ್ತಿಕೊಳ್ಳುವ ಮುಂಚೆಯೇ ಮೂಗು ಹೇಳಿಬಿಡುತ್ತದೆ. ಡಿಸೆಂಬರಿನಲ್ಲಿ ಒಂದು ದಿನ ಹೊದಿಕೆಯ ಅಂಚು ಸಡಿಲಾಗಿ ಗಾಳಿ ಹೊರಬರುತ್ತಿತ್ತು. ಮೇಸ್ತ್ರಿ ಅದರ ಪಕ್ಕದಲ್ಲೇ ನಿಂತು ಏನೋ ಗುನುಗಿಕೊಳ್ಳುತ್ತಿದ್ದರು. ರಟ್ಟೆ ಹಿಡಿದು ಎಳೆದುಕೊಂಡು ಬಂದೆ. 'ನೆಗಡಿ ಮೇಡಂ' ಎಂದರು. ನೆಗಡಿಯಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೋದ ವರ್ಷ ಜ್ವರ ಬಂದು ಎದ್ದಮೇಲೆ ಅವರಿಗೆ ವಾಸನೆಯೇ ಬರುತ್ತಿರಲಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ಅವರನ್ನು ನೋಡಿದಾಗೆಲ್ಲ ಚೀಲ ಹೊಲಿಯುವ ಅಪ್ಪನ ಬೆನ್ನು ಕಣ್ಣಿಗೆ ಬರುತ್ತಿತ್ತು. ಅವರು ಮುಚ್ಚಿದ ಹೊದಿಕೆಯನ್ನೆಲ್ಲ ನಾನೇ ಹಿಂದಿನಿಂದ ಹೋಗಿ ನೋಡಿ ಬರುತ್ತಿದ್ದೆ. ನಾನೆಷ್ಟು ಒಳ್ಳೆಯವಳು ಎಂದು ನನಗೇ ಅನಿಸುತ್ತಿತ್ತು. ನಿನ್ನ ಕಾಗದ ಓದಿದ ಮೇಲೆ ಹಾಗೆ ಅನಿಸುವುದು ನಿಂತುಹೋಯಿತು. ಆ ವಾರವೇ ಅವರನ್ನು ಕರೆದು ಎದುರಿಗೆ ಕೂರಿಸಿಕೊಂಡೆ.

'ಮೇಸ್ತ್ರಿ, ನಿಮಗೆ ವಾಸನೆ ಬರಲ್ಲ ಅಂತ ನಂಗೊತ್ತು.'

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. 'ಯಾರ್ ಹೇಳಿದ್ರು?'

'ಯಾರೂ ಹೇಳಿಲ್ಲ, ನಾನೇ ನೋಡ್ದೆ. ನಾಳೆಯಿಂದ ನೀವು ಹೊದಿಕೆ ಹತ್ರ ಹೋಗೋ ಹಾಗಿಲ್ಲ.'

'ಇನ್ನ ಮೂರೇ ವರ್ಷ ಮೇಡಂ, ಆಮೇಲೆ ನಾನೇ ಮನೆಗೆ ಹೋಗ್ತೀನಿ. ಅಲ್ಲೀತನಕ ಗೇಟಲ್ಲಿ ಕೂರಿಸ್ತೀರಾ?'

'ಕೂರಿಸಲ್ಲ. ಹೊಸಬರು ಆರು ಜನ ಬರ್ತಿದಾರೆ. ಅವರಿಗೆ ಈ ಕೆಲಸ ಕಲಿಸೋರು ಬೇಕು.'

ಹೆಡ್ ಆಫೀಸಿನಲ್ಲಿ ಇದಕ್ಕಾಗಿ ಜಗಳವಾಡಿ ಆದೇಶ ತಂದೆ. ಆದರೂ ಮೇಸ್ತ್ರಿ ಒಂದು ತಿಂಗಳು ನನ್ನ ಕಡೆ ತಿರುಗಿ ನೋಡಲಿಲ್ಲ. ಎದುರಿಗೆ ಬಂದರೆ ಪಕ್ಕದ ಸಾಲಿಗೆ ನುಗ್ಗಿಬಿಡುತ್ತಿದ್ದರು. ಮೊನ್ನೆ ಮಾತ್ರ ತಾವಾಗಿಯೇ ಬಂದು, 'ಹೊಸಬರು ಮರಳಿನ ಚೀಲನ ಹಾಸಿಗೆ ದಿಂಬು ಅಂದ್ಕೊಂಡಿದಾರೆ ಮೇಡಂ' ಎಂದು ದೂರು ಹೇಳಿದರು. ದೂರು ಹೇಳಿದರು ಎಂದರೆ ಸಿಟ್ಟು ಇಳಿಯಿತು ಎಂದೇ ಅರ್ಥ.

ಆ ಒಂದು ತಿಂಗಳು ನನಗೆ ಸಾಕುಸಾಕಾಗಿ ಹೋಯಿತು ಅಕ್ಕಾ. ನನಗೆ ಐವತ್ತು ವರ್ಷ, ಕೂರಲು ಅಧಿಕಾರದ ಕುರ್ಚಿ ಬೇರೆ ಇದೆ. ನಿನಗೆ ಆಗ ಹನ್ನೊಂದು.

ಒಂಬತ್ತನೇ ಅಧ್ಯಾಯ ತಿದ್ದಿ ಕಳಿಸು. ಬೆಲ್ಟು ಇರಬೇಕು. ಅಕ್ಕ ಹೇಳಬೇಕು. ಬಾಯಿ ಜಾರಿ ಅಲ್ಲ, ಬೇಕೆಂದೇ ಹೇಳಬೇಕು.

ಕಡ್ಡಿ

ಜೂನ್ ೧೬

ಕಡ್ಡಿಗೆ,

ಮೂರು ಸಲ ಬರೆದೆ. ಮೊದಲ ಸಲ ಅಕ್ಕ ವಿಪರೀತ ಅತ್ತಳು, ಎರಡನೇ ಸಲ ಭಾಷಣ ಮಾಡಿದಳು. ಮೂರನೇ ಸಲ ಹೇಳಬೇಕಾದ್ದನ್ನು ಹೇಳಿ ಸುಮ್ಮನಾದಳು. ಅದನ್ನೇ ಇಟ್ಟುಕೊಂಡಿದ್ದೇನೆ.

ಪ್ರಕಾಶಕಿ ಒಪ್ಪಲಿಲ್ಲ. 'ಮಕ್ಕಳ ಪುಸ್ತಕದಲ್ಲಿ ಅಕ್ಕನೇ ತಂಗಿ ಗುಟ್ಟು ಹೊರಗೆ ಹಾಕೋದಾ? ಅಮ್ಮಂದಿರು ನನ್ನ ಸುಮ್ನೆ ಬಿಡ್ತಾರಾ?' ಎಂದರು. ಬನ್ನಿ, ಮಕ್ಕಳನ್ನೇ ಕೇಳೋಣ ಎಂದು ಅವರನ್ನು ನನ್ನ ಐದನೇ ತರಗತಿಗೆ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿದಳು.

'ಟೀಚರ್, ಆ ಅಕ್ಕ ಮಾಡಿದ್ದು ಸರಿ. ಆದ್ರೆ ನಾನ್ ತಂಗಿ ಆಗಿದ್ರೆ ಅವಳ ಜೊತೆ ಮಾತ್ ಬಿಡ್ತಿದ್ದೆ.'

'ಎಷ್ಟು ದಿನ ಬಿಡ್ತಿದ್ದೆ?'

ಅವಳು ಯೋಚಿಸಿದಳು. 'ಊಟದ ತನಕ.'

ಪ್ರಕಾಶಕಿ ಅಲ್ಲೇ ಕೂತು ಕಾಗದದ ಮೇಲೆ ಏನೋ ಗೀಚಿಕೊಂಡರು. ಹೊರಗೆ ಬಂದು 'ಹೀಗೇ ಇರಲಿ' ಎಂದರು.

ಈಗ ಕೊನೆಯ ಅಧ್ಯಾಯ ಉಳಿದಿದೆ. ಇಲಿಗಳಿಗೆ ಸದ್ದು ವಾಪಸು ಕೊಡಲು ಬರುವುದಿಲ್ಲ ಎಂದು ನೀನು ತೀರ್ಪು ಕೊಟ್ಟುಬಿಟ್ಟಿದ್ದೀಯ. ಹಾಗಾದರೆ ಅಪ್ಪ ಬಾಗಿಲಲ್ಲಿ ಕೂತ ಮೇಲೆ ಏನಾಗುತ್ತದೆ? ನನಗೆ ಗೊತ್ತಿಲ್ಲ. ಕೆಲಸದ ಹೊತ್ತಿನಲ್ಲಿ ನಾನು ಆ ಬಾಗಿಲ ಕಡೆ ಹೋಗುತ್ತಲೇ ಇರಲಿಲ್ಲ. ಶಾಲೆಗೆ ಹಿಂದಿನ ಗಲ್ಲಿಯಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಸಂಜೆಯಾದರೆ ಅಪ್ಪನ ಹತ್ತಿರ ಚೀಲಗಳ ಮೇಲೆ ಕೂರುತ್ತಿದ್ದವಳು ನೀನು. ಅಲ್ಲಿ ಏನು ನಡೆಯಿತು?

ಅಕ್ಕ

ಜೂನ್ ೨೮

ಅಕ್ಕನಿಗೆ,

ಮೊದಲ ವಾರ ಏನೂ ನಡೆಯಲಿಲ್ಲ. ಅಪ್ಪ ಹೊಲಿಯುತ್ತಿದ್ದರು, ನಾನು ದಾರ ಬಿಡಿಸಿ ಕೊಡುತ್ತಿದ್ದೆ. ಎಂಟನೇ ದಿನ ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಕೇಳಿದರು.

'ಇವತ್ತು ಏನ್ ತಿಂದ್ವು?'

'ಯಾವು?' ಎಂದೆ.

'ನಿನ್ನ ಇಲಿಗಳು. ಅಮ್ಮ ಎಲ್ಲ ಹೇಳಿದಾಳೆ. ನಿಧಾನಕ್ಕೆ ಹೇಳು, ಬಾಯಿ ಅಗಲ ಮಾಡು.'

ಹೇಳಿದೆ. ಅಪ್ಪ ನನ್ನ ತುಟಿಯನ್ನೇ ನೋಡಿಕೊಂಡು, ತಮಗೆ ತಿಳಿದದ್ದನ್ನು ತಿರುಗಿ ಹೇಳಿದರು. ಎಲ್ಲ ತಪ್ಪು. ಅರ್ಧಬಾಲ ಎಂದರೆ 'ಅರ್ಧ ಪಾಲಾ?' ಎನ್ನುವರು, ಇಲ್ಲವೆಂದರೆ 'ಅರ್ಧ ಮಾಲಾ?' ಎನ್ನುವರು. ತುಟಿಗೆ ಬ, ಪ, ಮ ಮೂರೂ ಒಂದೇ ಅಂತೆ. ಅದು ನಮಗೆ ದಿನದ ಆಟವಾಯಿತು. ಗುಸುಗುಸು ಅಜ್ಜಿ ಅವತ್ತು ಯಾರ ಪಿಸುಮಾತು ತಿಂದಳು, ಎಣ್ಣೆಮೂಗನಿಗೆ ಯಾವ ಸದ್ದು ಅಜೀರ್ಣವಾಯಿತು ಎಂದು ನಾನು ಹೇಳುವುದು, ಅವರು ಬಾಯಿ ನೋಡಿ ಹಿಡಿಯುವುದು. ಒಂದು ವರ್ಷದಲ್ಲಿ ಅಪ್ಪ ರಸ್ತೆಯಾಚೆಗಿನ ಮಾತನ್ನೂ ಓದತೊಡಗಿದರು. 'ಎದುರಿನ ದರ್ಜಿ ಹೆಂಡತಿ ಹತ್ರ ಬೈಸ್ಕೊತಿದಾನೆ. ಬಟನ್ ಹಾಕೋದು ಮರೆತನಂತೆ' ಎಂದು ನನಗೆ ವರದಿ ಕೊಡುವರು. ಅಂಗಡಿ ಬೀದಿಯ ಗುಟ್ಟೆಲ್ಲ ಒಬ್ಬ ಕಿವುಡನಿಗೆ ಗೊತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ. ಇದು ನಿನ್ನ ಕೊನೆಯ ಅಧ್ಯಾಯ. ಸದ್ದು ವಾಪಸು ಬರುವುದಿಲ್ಲ. ಅಪ್ಪ ಬರುತ್ತಾರೆ.

ಇನ್ನೊಂದು ಮಾತಿದೆ. ಈ ಕಾಗದ ತಡವಾದದ್ದು ಅದರಿಂದಲೇ.

ಆ ವರ್ಷವೇ ಒಂದು ಸಂಜೆ ಅಪ್ಪ ಹೇಳಿದರು. 'ಮಿಷಿನ್ ಮುಂದೆ ನಿಂತಾಗೆಲ್ಲ ನಂಗೆ ಎದೆ ಡವಡವ ಅಂತಿತ್ತು. ದೊಡ್ಡವಳು ಹೇಳಿದ್ದು ಒಳ್ಳೇದಾಯ್ತು. ನನ್ನ ಬಾಯಿಂದ ಅದು ಬರ್ತಿರ್ಲಿಲ್ಲ. ಅವಳು ಈ ಕಡೆ ಬರೋದೇ ಬಿಟ್ಟಿದಾಳೆ. ಅಪ್ಪ ಹೀಗಂದ್ರು ಅಂತ ಅವಳಿಗೆ ಹೇಳು.'

ಹೂಂ ಎಂದೆ. ಹೇಳಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹಾಗೆ ಅಂದರು ಎಂದುಕೊಂಡೆ. ಬೆಲ್ಟಿನ ಸಂಗತಿ ನನಗೆ ಗೊತ್ತಿರಲಿಲ್ಲ, ನಿನ್ನ ಮಾರ್ಚ್ ತಿಂಗಳ ಕಾಗದ ಬಂದಾಗಲೇ ಆ ಮಾತು ನಿಜವೆಂದು ತಿಳಿದದ್ದು. ಆದರೆ ಗೊತ್ತಿಲ್ಲದ್ದು ನೆಪ ಅಷ್ಟೇ. ನಿನಗೆ ಹೇಳಬಾರದು ಎಂಬ ಸಿಟ್ಟಿತ್ತು, ಅದಕ್ಕೆ ಹೇಳಲಿಲ್ಲ. ವರ್ಷಗಳು ಕಳೆದ ಮೇಲೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. 'ಹೇಳಿದ್ಯಾ?' ಎಂದು ಅಪ್ಪ ಒಂದೇ ಸಲ ಕೇಳಿದರು. ಹೇಳಿದೆ ಎಂದೆ. ತುಟಿ ನೋಡಿ ಸುಳ್ಳು ಹಿಡಿಯುವಷ್ಟು ಅವರಿಗೆ ಆಗ ಇನ್ನೂ ಬರುತ್ತಿರಲಿಲ್ಲ.

ನಿನ್ನ ತಪ್ಪಿಗೆ ನಾನು ಆರು ವರ್ಷ ಮಾತು ಬಿಟ್ಟೆ. ನನ್ನದಕ್ಕೆ ನೀನು ಎಷ್ಟು ದಿನ ಬಿಡುತ್ತೀಯೋ ನಿನಗೆ ಬಿಟ್ಟದ್ದು. ನಿನ್ನ ಕಿಟಕಿ ಪಕ್ಕದ ಹುಡುಗಿಯ ಲೆಕ್ಕವಾದರೆ ನನಗೆ ಅನುಕೂಲ.

ಪುಸ್ತಕ ಅಚ್ಚು ಹಾಕಿಸು. ನಾನು ಬರೆದದ್ದನ್ನೆಲ್ಲ ಸೇರಿಸಿಕೋ, ಅಪ್ಪನ ಆ ಮಾತನ್ನೂ.

ನಿನ್ನ ಕಡ್ಡಿ

ಜುಲೈ ೬

ಕಡ್ಡಿಗೆ,

ನಿನ್ನ ಕಾಗದ ಬಂದಾಗ ಊಟಕ್ಕೆ ಇನ್ನೂ ಒಂದು ತಾಸಿತ್ತು. ಅಷ್ಟು ಹೊತ್ತೂ ನಿನ್ನ ಮೇಲೆ ಸಿಟ್ಟಾಗಿದ್ದೆ, ಚೆನ್ನಾಗಿಯೇ ಆಗಿದ್ದೆ. ಜೋರಾಗಿ ಪಾತ್ರೆ ತೊಳೆದೆ, ಒಂದು ಲೋಟ ಒಡೆಯಿತು. ಆಮೇಲೆ ಊಟ ಮಾಡಿದೆ.

ಕೊನೆಯ ಅಧ್ಯಾಯ ಮುಗಿದಿದೆ. ಅರ್ಧ ಪಾಲ, ಅರ್ಧ ಮಾಲ, ಬಟನ್ ಮರೆತ ದರ್ಜಿ, ಎಲ್ಲರೂ ಬಂದಿದ್ದಾರೆ. ಚಿತ್ರ ಬರೆಯುವಾತ ಅಪ್ಪನಿಗೆ ಮೀಸೆ ಇಟ್ಟಿದ್ದ. ತುಟಿ ಮುಚ್ಚಿಹೋಗುತ್ತದೆ, ತೆಗೆದುಬಿಡಿ ಎಂದೆ. ಅಪ್ಪನ ತುಟಿ ಯಾಕೆ ಕಾಣಬೇಕು, ಓದುವುದು ಮಗಳ ತುಟಿಯನ್ನಲ್ಲವೆ ಎಂದು ವಾದಿಸಿದ. ಅವನು ಹೇಳಿದ್ದು ಸರಿ, ಆದರೂ ತೆಗೆಸಿದೆ. ನಮ್ಮ ಅಪ್ಪನಿಗೆ ಮೀಸೆ ಇರಲಿಲ್ಲ. ಮುಖಪುಟದಲ್ಲಿ ನನ್ನ ಹೆಸರಿನ ಕೆಳಗೆ 'ಇಲಿಗಳು ತಂಗಿಯವು' ಎಂದು ಅಚ್ಚಾಗುತ್ತದೆ. ಪ್ರಕಾಶಕಿ ಹಾಗೆಲ್ಲ ಹಾಕುವ ಪದ್ಧತಿಯಿಲ್ಲ ಎಂದರು. ಇನ್ನು ಮೇಲೆ ಇರಲಿ ಎಂದೆ.

ಬರುವ ಭಾನುವಾರ ಬಾ. ಪುಸ್ತಕದ ಕರಡು ಇಲ್ಲೇ ಇದೆ, ನಿನ್ನ ಪೆನ್ಸಿಲನ್ನೂ ತಾ. ಇನ್ನೆಷ್ಟು ತಪ್ಪು ಹುಡುಕುತ್ತೀಯೋ ನೋಡೋಣ.

ಅಪ್ಪನ ಆ ಮಾತನ್ನೂ ಸೇರಿಸಿಕೋ ಎಂದು ಬರೆದಿದ್ದೀಯ. ಅದನ್ನು ಪ್ರಕಾಶಕಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಪುಸ್ತಕದಲ್ಲಿ ಹಾಕುವುದಿಲ್ಲ. ಅದು ನನಗೆ ಹೇಳಿ ಕಳಿಸಿದ್ದು.

ನಿನ್ನ ಅಕ್ಕ